ನಲವತ್ತು ತಟ್ಟೆ, ಎರಡು ಮನೆ

ಬೀರಲಿಂಗಯ್ಯನ ಬಲಗೈ ಮುರಿದಿದ್ದು ನಾನೇ. ಹೊಡೆದವರು ಹದಿನೈದು ಜನ ಇದ್ದರು, ಒದ್ದವರು ಇನ್ನೂ ಜಾಸ್ತಿ. ಆದರೆ ಹುಳ ಗೂಡು ಕಟ್ಟುವ ಚಂದ್ರಂಕಿಯಿಂದ ಕಿತ್ತ ಬಿದಿರು ಗಳ ಇದ್ದದ್ದು ನನ್ನ ಕೈಯಲ್ಲಿ. ಅವನ ಮಣಿಕಟ್ಟು ಒಣಗಿದ ಸೊಪ್ಪಿನ ಕಡ್ಡಿ ಥರ ಲಟ್ ಅಂದದ್ದು ನನ್ನ ಏಟಿಗೆ. ಆಗ ನನ್ನ ಅಂಗಿ ಜೇಬಿನಲ್ಲಿ ಒಂದು ಚೀಟಿ ಇತ್ತು, ನನ್ನದೇ ಅಕ್ಷರದ್ದು: ನಲವತ್ತು ತಟ್ಟೆ ಹುಳದಲ್ಲಿ ಮೂವತ್ತೇಳು ಸತ್ತಿವೆ.

ಆ ಚೀಟಿ ಇಲ್ಲದಿದ್ದರೆ ಯಾರೂ ಅವನ ಮೈ ಮುಟ್ಟುತ್ತಿರಲಿಲ್ಲ. ಬೈಯುತ್ತಿದ್ದರು, ಉಗಿಯುತ್ತಿದ್ದರು, ಮನೆಗೆ ಹೋಗುತ್ತಿದ್ದರು.

ಅದು ಎಂಬತ್ತಾರನೇ ಇಸವಿ. ಹೊಂಗನೂರಿಗೆ ಎರಡು ಮೈಲಿ ದೂರದ ನಮ್ಮ ಹುಣಸೆದೊಡ್ಡಿಯಲ್ಲಿ ರಾಗಿ ಹೊಲವೆಲ್ಲ ಹಿಪ್ಪುನೇರಳೆ ತೋಟ ಆಗಿದ್ದ ಕಾಲ. ಮಲಗುವ ಕೋಣೆಯನ್ನ ರೇಷ್ಮೆ ಹುಳಕ್ಕೆ ಬಿಟ್ಟುಕೊಟ್ಟು ಜನ ಜಗಲಿಯಲ್ಲಿ ಮಲಗುತ್ತಿದ್ದರು. ಕೂಸು ಅತ್ತರೆ ಕಾಯಲಿ, ಹುಳಕ್ಕೆ ಸೊಪ್ಪು ತಡ ಆಗಬಾರದು ಅನ್ನುವಷ್ಟು. ಮೊಟ್ಟೆಯಿಂದ ಎದ್ದ ಹುಳ ಕೂದಲಿಗಿಂತ ಸಣ್ಣ, ಅದನ್ನ ಮೊದಲ ಹತ್ತು ದಿನ ಬದುಕಿಸುವುದೇ ದೊಡ್ಡ ಕೆಲಸ. ಬೀರಲಿಂಗಯ್ಯ ಆ ಕೆಲಸ ಹಿಡಿದಿದ್ದ. ಮೊದಲು ಕುರಿ ಕಾಯುತ್ತಿದ್ದವನು, ಮರಿ ನೋಡಿಕೊಂಡ ಕೈ ಹುಳಕ್ಕೂ ಹೊಂದಿಕೊಂಡಿತು. ತನ್ನ ಚಾಕಿಮನೆಯಲ್ಲಿ ಮರಿಹುಳ ಸಾಕಿ, ಎರಡನೇ ಜ್ವರ ಕಳೆದ ಮೇಲೆ ಮನೆಮನೆಗೆ ಕೊಡುತ್ತಿದ್ದ. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಮೇವು ಬಿಟ್ಟು, ತಲೆ ಎತ್ತಿ ನಿದ್ದೆ ಹೋಗಿ, ಚರ್ಮ ಕಳಚುವುದಕ್ಕೆ ನಾವು ಹಾಗೆ ಅನ್ನುವುದು.

ಆ ಬೆಳೆಗೆ ಮೂವತ್ತನಾಲ್ಕು ಮನೆಯವರು ಅವನ ಚಾಕಿ ಹುಳ ತಂದಿದ್ದರು. ನಾಲ್ಕನೇ ಜ್ವರ ಎದ್ದು, ಇನ್ನೇನು ವಾರದಲ್ಲಿ ಗೂಡು ಕಟ್ಟಬೇಕು ಅನ್ನುವಾಗ ಹುಳ ಸಾಯೋಕೆ ಶುರುವಾಯಿತು. ಮೊದಲು ಬಾಯಿ ಬಡಿದುಕೊಂಡವನು ಹೊನ್ನಯ್ಯ. ಕಾಲುವೆ ಪಕ್ಕದ ದೊಡ್ಡ ತೋಟ ಅವನದು. ಅವನ ಬಾಮೈದನ ಮನೆಯಲ್ಲೂ ಸತ್ತವು. ಬುಟ್ಟಿಗಟ್ಟಲೆ ಸತ್ತ ಹುಳ ತಂದು ಅರಳಿಕಟ್ಟೆ ಮುಂದೆ ಸುರಿದ. ನಾತಕ್ಕೆ ನಾಯಿ ಕೂಡ ಹತ್ತಿರ ಬರಲಿಲ್ಲ.

ನಾನು ಆಗ ಲೆಕ್ಕದ ಪುಟ್ಟಸ್ವಾಮಿಯವರ ಕೈಕೆಳಗೆ ಕೆಲಸಕ್ಕಿದ್ದೆ. ಅವರು ಮರಳವಾಡಿ ಕಡೆಯವರು. ಅಪ್ಪ ಕುರಿ ಕಾಯ್ತಿದ್ದರಂತೆ, ಇವರು ಓದಿ ಓದಿ ಅಂಕಿಸಂಖ್ಯೆಯಲ್ಲಿ ಎಂಎಸ್ಸಿ ಮಾಡಿ ರೇಷ್ಮೆ ಸರ್ವೆಗೆ ಬಂದಿದ್ದರು. ನಾನು ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡು ಅವರಿಗೇ ಬಾರಿಸಿ ಆಚೆ ಬಂದವನು. ಆದರೂ ಎಣಿಸೋಕೆ ಬರುತ್ತದೆ, ಊರಿನ ಮನೆಯೆಲ್ಲ ಗೊತ್ತು ಅಂತ ನನ್ನನ್ನ ಇಟ್ಟುಕೊಂಡರು. ಹುಳ ಸಾಯುತ್ತಿರುವ ಸುದ್ದಿ ಕೇಳಿ ಅವರು ಹೇಳಿಕಳಿಸಿದ್ದು ಇಷ್ಟು: ಇಪ್ಪತ್ತು ಮನೆಗೆ ಹೋಗು, ಮನೆಗೆ ಎರಡು ತಟ್ಟೆ ನೋಡು, ಒಟ್ಟು ನಲವತ್ತು. ಎರಡು ದಿನದಲ್ಲಿ ಬರೆದು ಇಟ್ಟಿರು.

ಇಪ್ಪತ್ತು ಮನೆಗೆ ಎರಡು ದಿನದಲ್ಲಿ ಹೋಗುವುದು ನಮ್ಮ ಕಡೆ ಆಗದ ಮಾತು. ಒಂದು ಮನೆಯ ಹುಳ ನೋಡಿದ ಕಾಲು ಅದೇ ದಿನ ಇನ್ನೊಂದು ಹುಳದ ಮನೆಯ ಹೊಸಿಲು ದಾಟಬಾರದು. ಬೀಗರೇ ಬಂದರೂ ಅಷ್ಟೆ. ಸೋಂಕು ಅಂತಾರೆ, ಕಣ್ಣು ಬೀಳ್ತದೆ ಅಂತಾರೆ. ಯಾವುದಾದರೂ ಆಗಲಿ, ದಾಟಿದವನಿಗೆ ಒನಕೆ ಪೂಜೆ. ಹಾಗಾಗಿ ನಾನು ನನ್ನ ಬುದ್ಧಿ ಉಪಯೋಗಿಸಿದೆ. ಮೊದಲ ದಿನ ಹೊನ್ನಯ್ಯನ ಮನೆ, ಇಪ್ಪತ್ತು ತಟ್ಟೆ. ಎರಡನೇ ದಿನ ಅವನ ಬಾಮೈದನ ಮನೆ, ಇಪ್ಪತ್ತು ತಟ್ಟೆ. ದೊಡ್ಡ ಕುಳಗಳು, ಕೂತ ಕಡೆಯೇ ಎಣಿಸುವಷ್ಟು ತಟ್ಟೆ ಇತ್ತು. ಕರೆದು ಕೂರಿಸಿ ಬಾಡೂಟ ಬೇರೆ ಇಕ್ಕಿದರು. ನಲವತ್ತು ಬೇಕು ಅಂದರು, ನಲವತ್ತು ಆಯ್ತಲ್ಲ.

ಎರಡನೇ ದಿನ ಸಂಜೆ ಮನೆಗೆ ಬಂದಾಗ ನಮ್ಮವ್ವ ಹನುಮಂತಮ್ಮ ಜಗಲಿಯಲ್ಲೇ ತಡೆದಳು. "ಒಳೀಕೆ ಬರಬ್ಯಾಡ. ಆಚೆನೇ ಉಂಡು ಆಚೆನೇ ಬಿದ್ಕೊ."

"ನಮ್ಮ ಹುಳ ಹೆಂಗವೆ ಅವ್ವ?"

ಅವಳು ಮುಖ ಆ ಕಡೆ ತಿರುಗಿಸಿದಳು. "ಏನೋ ಅವೆ ಕಣಪ್ಪ. ಕಬ್ಬಾಳಮ್ಮ ಬುಟ್ಟಷ್ಟು."

ಸತ್ತವು ಅಂತ ನಾನು ತಿಳಿದೆ. ಅವಳು ಹುಳಕ್ಕೆ ಸೊಪ್ಪು ಹೊತ್ತು ಹೊತ್ತು ಕುತ್ತಿಗೆ ಗಂಟು ಕಟ್ಟಿದ್ದು ನನ್ನ ಕಣ್ಣ ಮುಂದೆ ಬಂತು. ತಲೆಗೆ ರಕ್ತ ಏರಿತು. ನೇರ ಅರಳಿಕಟ್ಟೆಗೆ ಹೋದೆ. ಅಲ್ಲಿ ಹೊನ್ನಯ್ಯ ನನ್ನ ಚೀಟಿ ಕೇಳಿದ, ಕೊಟ್ಟೆ. ಅವನು ಅದನ್ನ ಎತ್ತಿ ಹಿಡಿದು ಕೂಗಿದ.

"ಸರ್ಕಾರದ ಲೆಕ್ಕ ಕಣ್ರಪ್ಪೋ! ನಲವತ್ತಕ್ಕೆ ಮೂವತ್ತೇಳು! ನಾನೊಬ್ನೇ ಬಡ್ಕಂಡ್ರೆ ಹೊಟ್ಟೆಕಿಚ್ಚು ಅಂತಿದ್ರಿ. ಇವ್ನು ಎಣಿಸ್ಕಂಡು ಬಂದವ್ನೆ. ಆ ಕುರಿ ಕಾಯೋನು ರೋಗದ ಚಾಕಿ ಕೊಟ್ಟು ಊರನ್ನೇ ಮುಗಿಸ್ದ!"

ಅಲ್ಲಿದ್ದವರಲ್ಲಿ ಒಬ್ಬನೂ "ನಮ್ಮನೇಲಿ ಹಂಗಿಲ್ಲ" ಅನ್ನಲಿಲ್ಲ. ಚೀಟಿ ನನ್ನ ಜೇಬಿಗೆ ವಾಪಸ್ ಬಂತು, ಐದು ನಿಮಿಷಕ್ಕೆ ನಾವು ಚಾಕಿಮನೆ ಬಾಗಿಲು ಒದೆಯುತ್ತಿದ್ದೆವು. ಬೀರಲಿಂಗಯ್ಯ ಖಾಲಿ ತಟ್ಟೆ ತೊಳೆಯುತ್ತಿದ್ದ. ಎದ್ದು ಕೈಮುಗಿದ. ಮೊದಲ ಏಟು ಕಿವಿ ಮೇಲೆ ಬಿತ್ತು. ಅಂಗಳಕ್ಕೆ ಎಳೆದರು. ಒಬ್ಬ ಎದೆ ಮೇಲೆ ನಿಂತ. ಅವನ ಹೆಂಡತಿ ಲಕ್ಷ್ಮಿದೇವಮ್ಮ ಮೇಲೆ ಬಿದ್ದು ತಡೆಯೋಕೆ ಹೋದಳು, ಜುಟ್ಟು ಹಿಡಿದು ಆಚೆ ಎಸೆದರು. ಬೀರಲಿಂಗಯ್ಯನ ಬಾಯಿಂದ ರಕ್ತ, ಹಲ್ಲು ಒಟ್ಟಿಗೆ ಬಂತು. "ಕಬ್ಬಾಳಮ್ಮನಾಣೆ, ನನ್ನ ಚಾಕೀಲಿ ಏನೂ..." ಅಂತ ಬಲಗೈ ಮೇಲೆತ್ತಿದ. ಆಗಲೇ ನಾನು ಗಳ ಬೀಸಿದ್ದು.

ಯಾರೋ ಸೀಮೆಎಣ್ಣೆ ತಂದರು. ಚಾಕಿಮನೆ ಸೂರು ಹುಲ್ಲಿನದು, ಒಂದು ಕಡ್ಡಿ ಗೀರಿದರೆ ಸಾಕು. ಆಗ ಒಳಗೆ ಹೋಗಿದ್ದ ಒಬ್ಬ ಹೊರಗೆ ಬಂದು, "ಏಯ್, ತಡೀರ್ಲಾ. ಮುಂದಿನ ಬೆಳೆ ಹುಳ ಜ್ವರದಲ್ಲಿ ಅವೆ" ಅಂದ.

ಎಲ್ಲ ಸುಮ್ಮನಾದರು. ಜ್ವರದಲ್ಲಿರುವ ಹುಳಕ್ಕೆ ಕೈ ಇಕ್ಕಬಾರದು. ಗಟ್ಟಿ ಮಾತೂ ಆಡಬಾರದು. ಮನುಷ್ಯನ ಕೈ ಮುರಿದು ಅಂಗಳದಲ್ಲಿ ಕೆಡವಿದ್ದ ಜನ ತುದಿಗಾಲಲ್ಲಿ ಆಚೆ ಬಂದೆವು. ಹೊನ್ನಯ್ಯ ಸಣ್ಣ ದನಿಯಲ್ಲಿ ಹೇಳಿದ, "ನಾಳೆ ಸಂಜೆಗೆ ಏಳ್ತವೆ. ದನ ಬರೋ ಹೊತ್ತಿಗೆ ಬತ್ತೀವಿ. ಸೂರಿಗೆ ಬೆಂಕಿ, ನಿನ್ನ ಸಂಸಾರ ಊರಾಚೆಗೆ. ಅಷ್ಟ್ರೊಳಗೆ ಗಂಟು ಕಟ್ಕೊ."

ಮಾರನೇ ದಿನ ಬೆಳಗ್ಗೆ ಪುಟ್ಟಸ್ವಾಮಿಯವರು ಲೂನಾದಲ್ಲಿ ಬಂದರು. ನಾನು ಚೀಟಿ ಕೊಟ್ಟು, ನಡೆದದ್ದನ್ನೂ ಹೇಳಿದೆ. ಒಸಿ ಜಂಬದಲ್ಲೇ ಹೇಳಿದೆ ಅಂತ ಈಗ ಅನಿಸುತ್ತದೆ. ಅವರು ಚೀಟಿಯನ್ನೇ ನೋಡುತ್ತಾ ಕೇಳಿದರು, "ಎಷ್ಟು ಮನೆ?"

"ನಲವತ್ತು ತಟ್ಟೆ ಸಾರ್."

"ಮನೆ ಕೇಳ್ದೆ."

"ಎರಡು."

ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತು. "ಯಾವ್ಯಾವ್ದು?"

ಹೇಳಿದೆ. ಬಾಮೈದನ ಹುಳಕ್ಕೂ ಹೊನ್ನಯ್ಯನ ತೋಟದ್ದೇ ಸೊಪ್ಪು ಅಂತಲೂ, ಹುಳದ ಮನೆ ಕಟ್ಟಳೆಯನ್ನೂ ಹೇಳಿದೆ. "ಅದ್ಕೇನ್ ಸಾರ್ ಈಗ? ಅನ್ನ ಬೆಂದೈತಾ ಅಂತ ನೋಡಕ್ಕೆ ಒಂದು ಅಗುಳು ಹಿಸುಕಿದ್ರೆ ಸಾಕು. ನಾನು ನಲವತ್ತು ಹಿಸುಕಿವ್ನಿ."

"ಒಂದು ಪಾತ್ರೆಗೆ ಒಂದು ಅಗುಳು ಸಾಕಪ್ಪ. ಮೂವತ್ನಾಲ್ಕು ಮನೆ ಒಲೆ ಮೇಲೆ ಮೂವತ್ನಾಲ್ಕು ಪಾತ್ರೆ ಕೂತಿದಾವೆ. ನೀನು ಎರಡು ಪಾತ್ರೆಯೊಳಗೆ ಕೈ ಇಟ್ಟು ನಲವತ್ತು ಅಗುಳು ಹಿಸುಕಿ, ಊರ ಅನ್ನ ಎಲ್ಲಾ ಸೀದೋಯ್ತು ಅಂತ ಬರ್ದಿದೀಯ."

"ತಟ್ಟೆ ತಟ್ಟೆನೂ ಬೇರೆ ಅಲ್ವಾ ಸಾರ್?"

"ಹೆಂಗೆ ಬೇರೆ? ಒಂದೇ ಸೊಪ್ಪು, ಒಂದೇ ಗಾಳಿ, ಒಂದೇ ಹೆಂಗಸಿನ ಕೈ. ಒಂದು ತಟ್ಟೆ ಸತ್ತ ಮೇಲೆ ಪಕ್ಕದ್ದು ಸತ್ತಿದ್ದು ಹೊಸ ಸುದ್ದಿನಾ? ನೀನು ನಲವತ್ತು ಎಣಿಸಿಲ್ಲ ಗಂಗಹನುಮಯ್ಯ. ಎರಡನ್ನೇ ಇಪ್ಪತ್ತಿಪ್ಪತ್ತು ಸಲ ಎಣಿಸಿದೀಯ. ಆ ಎರಡೂ ಒಂದೇ ತೋಟದ ಸೊಪ್ಪು ತಿಂದವು ಅಂದ್ರೆ ಎರಡು ಅನ್ನೋದೂ ಜಾಸ್ತಿ ಆಯ್ತು."

ಕೆನ್ನೆಗೆ ಬಾರಿಸಿದ್ದರೆ ನಾನೂ ಬಾರಿಸಿ ಮುಗಿಸುತ್ತಿದ್ದೆ. ಇದಕ್ಕೆ ಏನು ಮಾಡುವುದು? ನನ್ನ ಕೈ ನೋಡಿಕೊಂಡೆ. ರಾತ್ರಿ ಗಳ ಹಿಡಿದಿದ್ದ ಅದೇ ಕೈ.

"ಹಂಗಾದ್ರೆ ಅವನ ಚಾಕಿ ಚೆನ್ನಾಗೇ ಇತ್ತಾ?"

"ನಂಗೇನು ಗೊತ್ತು? ನಿಂಗೇನು ಗೊತ್ತು? ಯಾರಿಗೂ ಗೊತ್ತಿಲ್ಲ. ಅದೇ ತೊಂದರೆ. ಗೊತ್ತಿಲ್ದೆ ಕೈ ಮುರ್ದಿದೀರಿ."

ಸಂಜೆ ಬೆಂಕಿ ಇಡ್ತಾರೆ ಅಂದೆ. ಪೊಲೀಸಿಗೆ ಹೇಳಾಣ ಅಂದರು. ಚನ್ನಪಟ್ಟಣಕ್ಕೆ ಹೋಗಿ ಅವರು ಬರೋ ಹೊತ್ತಿಗೆ ಬೂದಿ ತಣ್ಣಗಾಗಿರ್ತದೆ, ಬಂದರೂ ಹೊನ್ನಯ್ಯನ ಮನೆಯಲ್ಲೇ ಕಾಫಿ ಕುಡಿತಾರೆ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಹೆದರಿದ್ದರು, ಆದರೆ ಲೂನಾ ಹತ್ತಲಿಲ್ಲ. ನೋಟ್ಬುಕ್ಕಿನ ಹಾಳೆ ಹರಿದು ಮೂವತ್ತನಾಲ್ಕು ಮನೆಯ ಹೆಸರು ಬರೆಸಿಕೊಂಡರು. ಚೀಟಿ ಮಡಚಿ ಎಲೆಅಡಿಕೆ ಡಬ್ಬಿಗೆ ಹಾಕಿ ಅಲ್ಲಾಡಿಸಿದರು.

"ಇಪ್ಪತ್ತು ಎತ್ತು. ನಿಂಗೆ ಬೇಕಾದ ಮನೆ ಅಲ್ಲ, ಊಟ ಹಾಕೋ ಮನೆ ಅಲ್ಲ. ಚೀಟೀಲಿ ಬಂದ ಮನೆ."

"ಇಪ್ಪತ್ತು ಯಾಕೆ ಸಾರ್, ಐದು ಸಾಕಲ್ವಾ? ಕಾಲು ಮುರೀತಾರೆ ನಂದು."

"ಅವನ ಚಾಕಿನೇ ಕೆಟ್ಟಿದ್ರೆ ಹತ್ರಲ್ಲಿ ಎಂಟು ಮನೆ ಸಾಯ್ಬೇಕು. ಕೆಟ್ಟಿಲ್ದಿದ್ರೆ ಎರಡೋ ಮೂರೋ ಸಾಯ್ತವೆ, ಪ್ರತಿ ಬೆಳೇಲೂ ಸತ್ತಂಗೆ. ಈ ಎರಡನ್ನ ಬೇರೆ ಮಾಡಿ ನೋಡಕ್ಕೆ ಐದು ಮನೆಗೆ ಕಣ್ಣು ಸಾಲಲ್ಲ. ಐದ್ರಲ್ಲಿ ಅದೃಷ್ಟ ಎಂಥಾ ಆಟ ಬೇಕಾದ್ರೂ ಆಡ್ತದೆ. ಇಪ್ಪತ್ತಕ್ಕೆ ಅಷ್ಟು ಆಡಕ್ಕಾಗಲ್ಲ. ಒಂದು ಮನೇಲಿ ಎರಡೇ ತಟ್ಟೆ ನೋಡು, ಸಾಕು. ಮನೆ ಬಿಡಬೇಡ. ಇನ್ನೊಂದು ಮಾತು. ಎಂಟು ಮನೆ ನೋಡಿ ಉತ್ತರ ನಿಂಗೆ ಇಷ್ಟ ಆಯ್ತು ಅಂತ ನಿಲ್ಲಿಸಬೇಡ. ಇಪ್ಪತ್ತು ಅಂದ್ರೆ ಇಪ್ಪತ್ತು."

ಒಂದು ಬಕೀಟಿಗೆ ಬ್ಲೀಚಿಂಗ್ ಪುಡಿ ಕಲಸಿದೆವು. ಪ್ರತಿ ಹೊಸಿಲಲ್ಲೂ ಕಾಲು ತೊಳೆಯಬೇಕು ಅಂತ ಅವರ ಆಜ್ಞೆ. ಮೊದಲ ಚೀಟಿ ಬಿಚ್ಚಿದೆ. ನಮ್ಮವ್ವನ ಹೆಸರು.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಹೊನ್ನಯ್ಯನ ಮನೆ ಸತ್ತ ಹುಳ ತುಳಿದ ಕಾಲು ಅದು. ದಾಟಿದ್ರೆ ನೋಡು."

"ಪಕ್ಕಕ್ಕೆ ಸರಿಯವ್ವ. ಹುಳ ನೋಡ್ಬೇಕು."

"ನಿನ್ನ ಹೆತ್ತೋಳು ಹೇಳ್ತಾವಳೆ ಕಣೋ ಬಡ್ಡೈದ್ನೆ!"

ಪೊರಕೆ ಹಿಡಿಕೆಯಿಂದ ಮೂರು ಏಟು ಬಿತ್ತು, ಹುಬ್ಬು ಒಡೆಯಿತು. ನಾನು ಅವಳನ್ನ ಎತ್ತಿ ಪಕ್ಕಕ್ಕೆ ಇಟ್ಟು ಒಳಗೆ ಹೋದೆ. ಕತ್ತಲಿಗೆ ಕಣ್ಣು ಹೊಂದುವ ಮೊದಲೇ ಕಿವಿಗೆ ಕೇಳಿತು. ಮಳೆ ಹನಿ ಸೊಪ್ಪಿನ ಮೇಲೆ ಬಿದ್ದಂಥ ಸದ್ದು. ಹುಳ ಮೇಯುವ ಸದ್ದು. ತಟ್ಟೆ ಎಳೆದೆ. ಕಿರುಬೆರಳು ದಪ್ಪದ ಹುಳ, ತಟ್ಟೆ ತುಂಬ, ತಲೆ ಆಡಿಸಿಕೊಂಡು ಮೇಯುತ್ತಿದ್ದವು. ಇನ್ನೊಂದು ತಟ್ಟೆ. ಅದೂ ಹಾಗೇ.

ಅದೇ ಬೀರಲಿಂಗಯ್ಯನ ಚಾಕಿ.

"ಬದುಕವೆ ಕಣವ್ವ!" ಅಂತ ಕೂಗಿದೆ. "ಯಾಕೆ ಹೇಳ್ಲಿಲ್ಲ ನನಗೆ?"

ಅವಳು ಬಂದು ನನ್ನ ಬಾಯಿ ಮುಚ್ಚಿದಳು. "ಮೆತ್ತಗೆ ಮಾತಾಡೋ! ಬದುಕವೆ ಅಂತ ಯಾರಾದ್ರೂ ಬಾಯ್ಬುಟ್ಟು ಹೇಳ್ತಾರಾ? ಗೂಡು ಕಟ್ಟೋಗಂಟ ಚೆನ್ನಾಗವೆ ಅನ್ನಬಾರದು."

ಅಷ್ಟೇ. ಇಡೀ ಊರಿಗೆ ಗೊತ್ತಿರುವ ಮಾತು, ನನಗೂ ಗೊತ್ತಿದ್ದ ಮಾತು. ಹುಳ ಸತ್ತವನು ಬಡಿದುಕೊಳ್ಳುತ್ತಾನೆ, ಹುಳ ಬದುಕಿದವನು "ಏನೋ ಅವೆ" ಅನ್ನುತ್ತಾನೆ. ಅರಳಿಕಟ್ಟೆಯಲ್ಲಿ ಹೊನ್ನಯ್ಯ ಕೂಗಿದಾಗ ಸುಮ್ಮನೆ ನಿಂತಿದ್ದವರು ತಂತಮ್ಮ ಬದುಕಿದ ಹುಳ ಬಚ್ಚಿಟ್ಟುಕೊಂಡು ನಿಂತಿದ್ದರು. ಪ್ರತಿಯೊಬ್ಬನೂ ನನ್ನದೊಂದು ಉಳೀತು, ಊರಿನದೆಲ್ಲ ಹೋಯ್ತು ಅಂತ ಲೆಕ್ಕ ಹಾಕಿಕೊಂಡು ಬೀರಲಿಂಗಯ್ಯನನ್ನ ಒದ್ದಿದ್ದರು. ನನಗೆ ಊರಿಗೇ ಬೆಂಕಿ ಇಡಬೇಕು ಅನಿಸಿತು, ಮೊದಲು ನನ್ನ ಮೈಗೆ.

ಎರಡನೇ ಮನೆಯಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ಹೊರಗೆಸೆದರು. ಗೋಡೆ ಹಾರಿ ಹಿಂದಿನ ಬಾಗಿಲಿಂದ ಹೋದೆ. ಬದುಕಿದ್ದವು. ಅಲ್ಲೂ ಬಿತ್ತು, ಬೆನ್ನಿಗೆ. ಆರನೇ ಮನೆಯಲ್ಲಿ ದಾಸಮ್ಮ ಅನ್ನೋ ಮುದುಕಿ ಮುದ್ದೆಗೆ ಇಟ್ಟಿದ್ದ ಎಸರು ನೀರನ್ನ ಎರಚಿದಳು. ಎಡಗೈ ಬೆಂದು ತೊಗಲು ಮೇಲೆದ್ದಿತು. "ಎಣಿಸ್ಲಾ ಈಗ, ಎಣಿಸು, ಬೊಬ್ಬೆ ಎಣಿಸು!" ಅಂತ ಅರಚಿದಳು. ಅವಳ ಹುಳವೂ ಬದುಕಿತ್ತು. ಬಕೀಟು ಹೊತ್ತುಕೊಂಡು ಹಿಂದೆ ಬರುತ್ತಿದ್ದ ಪುಟ್ಟಸ್ವಾಮಿಯವರಿಗೆ ಯಾರೋ ಕಲ್ಲು ಬೀಸಿದರು. ಕನ್ನಡಕದ ಒಂದು ಗಾಜು ಹೋಯಿತು. ಒಂದೇ ಗಾಜಿನಲ್ಲಿ ಬರೆದುಕೊಳ್ಳುತ್ತಿದ್ದರು.

ಎಂಟು ಮನೆ ಮುಗಿದಾಗ ಏಳು ಬದುಕಿದ್ದವು. ನಾನು ಬೇಲಿ ಪಕ್ಕ ಕುಕ್ಕರಗಾಲಲ್ಲಿ ಕೂತು, "ಸಾಕು ಸಾರ್, ಗೊತ್ತಾಯ್ತಲ್ಲ" ಅಂದೆ.

"ಬೆಳಗ್ಗೆ ನಾನೇನು ಹೇಳ್ದೆ?"

"ನನ್ನ ಕೈ ಬೆಂದೈತೆ."

"ಅವನ ಕೈ ಮುರ್ದೈತೆ. ಎದ್ದೇಳು."

ನಡುಮಧ್ಯಾಹ್ನ ಚಿಕ್ಕಯ್ಯ ಅನ್ನುವವನ ಮನೆ ಬಂತು. ಅವನೊಬ್ಬ ಹೊಡೆಯಲಿಲ್ಲ. ನನ್ನ ಮುಖದ ರಕ್ತ ನೋಡಿ, ತಾನೇ ನೀರು ಹುಯ್ದು ಕಾಲು ತೊಳೆಸಿ, "ಬಿರ್ರನೆ ನೋಡ್ಕಂಡು ಬಾರ್ಲಾ, ನಮ್ಮೋಳು ತ್ವಾಟಕ್ಕೆ ಹೋಗವ್ಳೆ" ಅಂದ. ಬದುಕಿದ್ದವು. ಅಷ್ಟು ಬೆಳ್ಳಗಿನ ಹುಳ ನಾನು ನೋಡಿರಲಿಲ್ಲ.

ಇಪ್ಪತ್ತು ಮುಗಿದಾಗ ಹೊತ್ತು ಇಳಿದಿತ್ತು. ಹದಿನೈದು ಮನೆ ಬದುಕಿವೆ, ಐದು ಸತ್ತಿವೆ. ಆ ಐದರಲ್ಲಿ ಹೊನ್ನಯ್ಯನ ಚೀಟಿ, ಅವನ ಬಾಮೈದನ ಚೀಟಿ ಎರಡೂ ಇದ್ದವು. ಉಳಿದ ಮೂರು ಮನೆಯವರೂ ಆ ವಾರ ಹೊನ್ನಯ್ಯನ ಕಾಲುವೆ ತೋಟದಿಂದ ಸೊಪ್ಪು ತಂದವರು. ಆ ತೋಟದ ಗಿಡದ ಸುಳಿ ಮುರುಟಿತ್ತು ಅಂತ ಹೊನ್ನಯ್ಯ ಔಷಧಿ ಹೊಡೆಸಿದ್ದನ್ನ ನಾನೇ ಕಂಡಿದ್ದೆ. ಔಷಧಿ ಹೊಡೆದ ಸೊಪ್ಪನ್ನ ಹದಿನೈದಿಪ್ಪತ್ತು ದಿನ ಹುಳಕ್ಕೆ ಇಕ್ಕಬಾರದು. ಸಾಯುವ ಹುಳ ವಿಷ ತಿಂದಂತೆ ಹಸಿರು ನೀರು ಕಕ್ಕಿದ್ದೂ ನೆನಪಾಯಿತು.

"ಸಿಕ್ಕಿಬಿದ್ದ ನನ್ಮಗ!" ಅಂತ ಬೇಲಿಯ ಗೂಟ ಕಿತ್ತೆ.

ಪುಟ್ಟಸ್ವಾಮಿಯವರು ಗೂಟ ಹಿಡಿದುಕೊಂಡರು. "ಅವನ ಸೊಪ್ಪಿನ ಮಾತಿಗೆ ನಿನ್ಹತ್ರ ಎಷ್ಟು ಮನೆ ಇದೆ?"

"ಐದು."

"ಅವನ ಸೊಪ್ಪು ತಂದು ಹುಳ ಬದುಕಿರೋರು ಇದಾರಾ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಎಲ್ಲರನ್ನೂ ಕೇಳಲೇ ಇಲ್ಲ, ಹುಳ ಸತ್ತವರನ್ನ ಮಾತ್ರ ಕೇಳಿದ್ದೆ. "ಹಂಗಾದ್ರೆ ನೆನ್ನೆ ಮಾಡಿದ್ದನ್ನೇ ಇವತ್ತೂ ಮಾಡಕ್ಕೆ ಹೊರಟಿದೀಯ. ಚಾಕಿ ವಿಷಯ ಹೇಳು, ಅದಕ್ಕೆ ನಿನ್ಹತ್ರ ಇಪ್ಪತ್ತು ಮನೆ ಇದೆ. ಅಷ್ಟಕ್ಕೆ ನಿಲ್ಸು" ಅಂದರು ಅವರು. ಗೂಟ ಬಿಟ್ಟೆ. ಹಲ್ಲು ಕಚ್ಚಿಕೊಂಡು ಬಿಟ್ಟೆ.

ದನ ಊರೊಳಗೆ ಬರುವಾಗ ಜನ ಚಾಕಿಮನೆ ಮುಂದೆ ಸೇರಿದ್ದರು. ಲಕ್ಷ್ಮಿದೇವಮ್ಮ ಪಾತ್ರೆ ಗಂಟು ಕಟ್ಟಿ ಅಂಗಳದಲ್ಲಿ ಇಟ್ಟಿದ್ದಳು. ಬೀರಲಿಂಗಯ್ಯ ಗೋಡೆಗೆ ಒರಗಿ ಕೂತಿದ್ದ, ಕೈಗೆ ಬಿದಿರು ದಬ್ಬೆ ಕಟ್ಟಿತ್ತು. ಹೊನ್ನಯ್ಯನ ಕೈಯಲ್ಲಿ ಸೀಮೆಎಣ್ಣೆ ಡಬ್ಬ.

"ಹುಳ ಎದ್ದವೇನಮ್ಮಿ?" ಅಂದ.

"ಎದ್ದವೆ. ಸೊಪ್ಪು ಕೇಳ್ತಾವೆ" ಅಂದಳು ಅವಳು.

ನಾನು ಮಧ್ಯೆ ನಿಂತೆ. "ಇಪ್ಪತ್ತು ಮನೆ ನೋಡಿವ್ನಿ. ಹದಿನೈದು ಮನೇಲಿ ಹುಳ ಬದುಕವೆ. ನೆನ್ನೆ ಚೀಟಿ ಸುಳ್ಳು. ಎರಡೇ ಮನೆ ನೋಡಿದ್ದೆ."

"ಯಾರ ಮನೇಲ್ಲಾ ಬದುಕವೆ? ಹೆಸ್ರು ಹೇಳು!" ಹೊನ್ನಯ್ಯ ಗುಂಪಿನ ಕಡೆ ತಿರುಗಿದ. "ಹೇಳ್ರಪ್ಪ, ಯಾರದ್ದು ಬದುಕವೆ?"

ದಾಸಮ್ಮ ನೆಲ ನೋಡಿದಳು. ನನ್ನ ಬೆನ್ನಿಗೆ ಬಾರಿಸಿದ ಅಣ್ಣತಮ್ಮ ಮರದ ಮೇಲೆ ಏನೋ ಇದ್ದಂತೆ ನೋಡುತ್ತಿದ್ದರು.

"ಹೇಳ್ರೋ ಹೇಡಿಗಳಾ! ನಿಮ್ಮ ಹಟ್ಟೀಲಿ ಹುಳ ಸೊಪ್ಪು ಮೇಯ್ತಾವೆ, ಇವನ ಸೂರು ಸುಡಕ್ಕೆ ಬಂದಿದೀರಾ!"

ಹೊನ್ನಯ್ಯನ ಬಾಮೈದ ಹಿಂದಿನಿಂದ ನನ್ನ ಸೊಂಟಕ್ಕೆ ಒದ್ದ. ಬಿದ್ದೆ. ಮೇಲೆ ನಾಲ್ಕು ಜನ ಬಿದ್ದರು. ಬೆಂದ ಕೈ ಮೇಲೆ ಯಾರದೋ ಮೆಟ್ಟು ನಿಂತು ತಿರುಗಿತು. ಪುಟ್ಟಸ್ವಾಮಿಯವರು "ಬಿಡ್ರೀ, ಬಿಡ್ರೀ" ಅಂತ ಪುಸ್ತಕ ಎದೆಗವಚಿಕೊಂಡು ಅಡ್ಡ ಬಂದರು, ಅವರನ್ನೂ ತಳ್ಳಿದರು. ಸೀಮೆಎಣ್ಣೆ ಸೂರಿಗೆ ಬಿದ್ದ ವಾಸನೆ ಬಂತು. ಕಡ್ಡಿಪೆಟ್ಟಿಗೆ ಸದ್ದು ಕೇಳಿತು.

ಆಗ ಒಂದು ಹೆಣ್ಣು ದನಿ, "ನಮ್ಮವು ಬದುಕವೆ."

ನಮ್ಮವ್ವ. ತಲೆ ಮೇಲೆ ಬಿದಿರು ತಟ್ಟೆ ಹೊತ್ತು ನಿಂತಿದ್ದಳು. ಇಳಿಸಿ ಎಲ್ಲರ ಕಾಲ ಬಳಿ ಇಟ್ಟಳು. ಬೀದಿಯ ಬೆಳಕಿನಲ್ಲಿ, ಅಷ್ಟು ಕಣ್ಣುಗಳ ಮುಂದೆ, ತಟ್ಟೆ ತುಂಬ ಹುಳ. ಜನ ಮುಖ ತಿರುಗಿಸಿಕೊಂಡರು. ಬೆತ್ತಲೆ ನಿಂತವಳನ್ನ ಕಂಡ ಹಾಗೆ. ಅವ್ವ ಅಳುತ್ತಿದ್ದಳು. ಕಣ್ಣು ಬಿತ್ತು, ಇನ್ನು ಹುಳ ಹೋದವು ಅಂತಲೇ ಅಳುತ್ತಿದ್ದಳು.

"ಬೀರಣ್ಣನ ಚಾಕಿ ಇದು. ಬದುಕವೆ. ಹೇಳ್ಬುಟ್ಟೆ. ಇನ್ನು ಏನಾದ್ರೂ ಆಗ್ಲಿ."

ಆಮೇಲೆ ಚಿಕ್ಕಯ್ಯ ತಟ್ಟೆ ಹತ್ತಿರ ಬಂದು, "ನಮ್ಮವೂ ಬದುಕವೆ ಕಣ್ರಪ್ಪ" ಅಂದ. ದಾಸಮ್ಮ, "ನಮ್ಮವೂನೂವೆ, ಹಾಳಾಗೋಗ್ಲಿ" ಅಂದಳು. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ತಲೆ ಆಡಿಸಿದ. ಒಂದೊಂದೇ ಬಂತು. ಪುಟ್ಟಸ್ವಾಮಿಯವರು ನೆಲದಲ್ಲಿ ಕೂತೇ ಒಂದೊಂದಕ್ಕೂ ಗೆರೆ ಎಳೆದರು. ಚೀಟಿಯಲ್ಲಿ ಬರದ ಮನೆಯವರೂ ಹೇಳಿದರು. ಕಡ್ಡಿಪೆಟ್ಟಿಗೆ ಹಿಡಿದಿದ್ದವನೂ ಹೇಳಿದ.

ಹೊನ್ನಯ್ಯ ಡಬ್ಬ ಬಿಸಾಕಿ ಹೋದ. ಯಾರೂ ಅವನ ಸೊಪ್ಪಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನ ತೋಟದ ಸೊಪ್ಪು ಕೊಂಡವರನ್ನೆಲ್ಲ ಒಬ್ಬರನ್ನೂ ಬಿಡದೆ ಕೇಳಬೇಕು ಅಂದುಕೊಂಡೆ, ಇನ್ನೂ ಕೇಳುತ್ತಲೇ ಇದ್ದೇನೆ.

ಮಾರನೇ ಬೆಳಗ್ಗೆ ಬೀರಲಿಂಗಯ್ಯನ ಅಂಗಳಕ್ಕೆ ಹೋದೆ. ಮರಿಹುಳಕ್ಕೆ ದಿನಕ್ಕೆ ನಾಲ್ಕು ಸಲ ಸೊಪ್ಪು ಎಳೆಎಳೆಯಾಗಿ ಹೆಚ್ಚಬೇಕು, ಒಂದು ಕೈಯಲ್ಲಿ ಆಗುವ ಕೆಲಸ ಅಲ್ಲ. ಲಕ್ಷ್ಮಿದೇವಮ್ಮ ಮಣೆ, ಕತ್ತಿ ತಂದು ಹೊಸಿಲಿನ ಆಚೆ ಇಟ್ಟಳು.

"ಒಳೀಕೆ ಬಂದ್ರೆ ಅದೇ ಕತ್ತೀಲಿ ನಿನ್ನ ಹೆಚ್ತೀನಿ. ಇಪ್ಪತ್ತು ಮನೆ ತಿರುಗಿದ ಕಾಲು ನಿಂದು."

ಅಲ್ಲೇ ಕೂತು ಹೆಚ್ಚಿದೆ. ಬೆಂದ ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬೀರಲಿಂಗಯ್ಯ ಜಗಲಿಯಲ್ಲಿ ಕೂತು ನೋಡುತ್ತಿದ್ದ. "ದಪ್ಪ ಆಯ್ತು" ಅನ್ನುತ್ತಿದ್ದ, "ಇನ್ನೂ ಸಣ್ಣಕ್ಕೆ."

ನಾಲ್ಕನೇ ದಿನ ಚಿಕ್ಕಯ್ಯ ಬಂದ. ಕೈಯಲ್ಲಿ ಒನಕೆ.

"ಸತ್ತೋದ್ವು ಕಣ್ಲಾ" ಅಂದ. ಕಣ್ಣು ಕೆಂಪಗಿತ್ತು. "ನೀನು ಬಂದೋದ್ಮೇಲೆ ಸತ್ವು. ನಾನೇ ಕಾಲು ತೊಳ್ದು ಒಳೀಕೆ ಬುಟ್ಟೆ. ನಾನೇ ಬದುಕವೆ ಅಂತ ಬೀದೀಲಿ ನಿಂತು ಕೂಗ್ದೆ."

ನಾನು ಎದ್ದು ನಿಂತೆ. "ಚಿಕ್ಕಯ್ಯಣ್ಣ, ಇನ್ಯಾರ ಮನೇಲಿ ಸತ್ತವೆ?"

"ಇನ್ನೊಂದು ಮನೇಲಂತೆ."

"ಇಪ್ಪತ್ತು ಮನೆಗೆ ಹೋಗಿದ್ದೆ ನಾನು. ಎರಡು ಮನೆ ಹಿಡ್ಕಂಡು ನನ್ನಿಂದ್ಲೇ ಅಂತ ಹೇಳಕ್ಕೆ..."

"ನಂಗೆ ನಮ್ಮನೆ ಒಂದು ಸಾಕು ಕಣ್ಲಾ!"

ಸೋಂಕು ನನ್ನ ಕಾಲಿನಲ್ಲೇ ಹೋಯಿತೋ ಏನೋ, ಎರಡು ಮನೆಯಿಂದ ಅದನ್ನ ಹೌದು ಅನ್ನುವುದಕ್ಕೂ ಆಗುವುದಿಲ್ಲ, ಅಲ್ಲ ಅನ್ನುವುದಕ್ಕೂ ಆಗುವುದಿಲ್ಲ. ಬೀರಲಿಂಗಯ್ಯನ ಕಡೆ ನೋಡಿದೆ. ಅವನು ಏಳಲಿಲ್ಲ, ಬೇಡ ಅನ್ನಲಿಲ್ಲ. ಕಟ್ಟಿದ ಕೈಯನ್ನ ತೊಡೆ ಮೇಲಿಟ್ಟುಕೊಂಡು ಸುಮ್ಮನೆ ನೋಡುತ್ತಿದ್ದ.

ಒನಕೆ ನನ್ನ ಬಲಭುಜದ ಮೇಲೆ ಬಿತ್ತು. ಒಳಗೆ ಏನೋ ಕಳಚಿತು. ಮೊಣಕಾಲೂರಿ ಸೊಪ್ಪಿನ ರಾಶಿ ಮೇಲೆ ಬಿದ್ದೆ. ಚಿಕ್ಕಯ್ಯ ಮತ್ತೆ ಎತ್ತಿದ.

"ಒಂದು ಸಾಕು ಚಿಕ್ಕಯ್ಯ" ಅಂದ ಬೀರಲಿಂಗಯ್ಯ. "ಸೊಪ್ಪು ಬಾಡ್ತದೆ."

ಆಮೇಲೆ ನನ್ನ ಕಡೆ ತಿರುಗಿ, "ಏಳು. ಇನ್ನೊಂದು ಕೈ ಐತಲ್ಲ, ಹೆಚ್ಚು" ಅಂದ.